ಎಲ್ಲರೂ ಬರೆಯುವ ಪುಸ್ತಕದ ಬೀಗದ ಕೈ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಅಧ್ಯಯನಪರವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನಗೆ ಮೊದಲು ನೆನಪಾದುದು ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಹೊರತರುತ್ತಿದ್ದ ಕೈಬರಹದ ಪತ್ರಿಕೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದೆಂದು ಗುರುಗಳು ಹೇಳಿದ್ದರು. ಸಂಪಾದಕನೆಂದು ಯಾರನ್ನೂ ನೇಮಿಸಿರಲಿಲ್ಲ. ಆದರೆ ಪತ್ರಿಕೆಯನ್ನು ಇರಿಸುವ ಕಪಾಟಿನ ಬೀಗದ ಕೈ ನನ್ನಲ್ಲಿತ್ತು. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಬಂದ ಬರೆಹಗಳನ್ನು ಪ್ರತಿ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಒಂದು ತಿಂಗಳು ಸಹಪಾಠಿಯೊಬ್ಬ ತನ್ನ ತಂದೆ ಗುಡ್ಡದ ಬದಿಯಲ್ಲಿ ಸುರಂಗ ತೋಡಿ ನೀರು ತಂದ ಬಗೆಯನ್ನು ಎರಡು ಹಾಳೆಗಳಲ್ಲಿ ಬರೆದು ತಂದ. ಅವನ ಮನೆಮಾತು ತುಳು. ಬರೆಹದ ತುಂಬ ತುಳು ಶಬ್ದಗಳು, ಸಾಲುಸಾಲಿಗೂ ಕಾಗುಣಿತದ ತಪ್ಪು. ‘ಭಾಷೆ ಶುದ್ಧವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ನಾನು ಹಾಳೆಗಳನ್ನು ಹಿಂದಿರುಗಿಸಿದೆ. ಅವನು ಜಗಳವಾಡಲಿಲ್ಲ. ಗುರುಗಳಲ್ಲಿ ದೂರಲಿಲ್ಲ. ಆದರೆ ಮತ್ತೆಂದೂ ಪತ್ರಿಕೆಗೆ ಬರೆಯಲಿಲ್ಲ.

ನನಗೆ ಅಧಿಕಾರವಿದೆಯೆಂದು ಅಂದು ಯಾರೂ ಹೇಳಿರಲಿಲ್ಲ; ನನಗೂ ಹಾಗೆ ಅನಿಸಿರಲಿಲ್ಲ. ಎಲ್ಲರೂ ಸೇರಿ ಮಾಡುವ ಕೆಲಸದಲ್ಲಿ ಅಧಿಕಾರವು ಎಲ್ಲಿ ಕುಳಿತಿರುತ್ತದೆ, ಅದನ್ನು ಯಾರು ಕೇಳಬಲ್ಲರು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಬಿಡಲಿಲ್ಲ. ಈ ಪ್ರಶ್ನೆಯನ್ನು ಇಂದು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸುತ್ತಿರುವುದು ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯ. ನಮ್ಮ ಮಕ್ಕಳು ಶಾಲೆಯ ಮನೆಗೆಲಸಕ್ಕೆ ಮೊದಲು ತೆರೆಯುವುದು ಅದನ್ನೇ. ಆದುದರಿಂದ ಅದರ ಆಡಳಿತವು ನಡೆಯುವ ಕ್ರಮವನ್ನು ನಾವು ತಿಳಿದಿರುವುದು ಉಚಿತ.

೧. ವಿಶ್ವಕೋಶಕ್ಕೆ ಮೂರು ದಾರಿಗಳು

ಕನ್ನಡಿಗರಿಗೆ ವಿಶ್ವಕೋಶವೆಂಬುದು ಹೊಸತಲ್ಲ. ೧೯೩೬ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಮಕ್ಕಳ ಕೈಗಿತ್ತರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ದಶಕಗಳ ಕಾಲ ಶ್ರಮಿಸಿ ಹದಿನಾಲ್ಕು ಸಂಪುಟಗಳ ‘ಕನ್ನಡ ವಿಶ್ವಕೋಶ’ವನ್ನು ಹೊರತಂದಿತು. ಮೊದಲನೆಯದರಲ್ಲಿ ಅಧಿಕಾರ ಒಬ್ಬ ಲೇಖಕನದು; ತಪ್ಪು ಒಪ್ಪು ಎರಡಕ್ಕೂ ಅವನೇ ಹೊಣೆ. ಎರಡನೆಯದರಲ್ಲಿ ಅಧಿಕಾರ ವಿದ್ವಾಂಸರ ಮಂಡಳಿಯದು; ಅವರ ಹೆಸರುಗಳು ಸಂಪುಟದ ಆರಂಭದಲ್ಲಿಯೇ ಅಚ್ಚಾಗಿರುತ್ತವೆ. ಎರಡು ಕಡೆಗಳಲ್ಲಿಯೂ ಬೀಗದ ಕೈ ಯಾರಲ್ಲಿದೆಯೆಂಬುದು ಓದುಗನಿಗೆ ತಿಳಿದಿರುತ್ತದೆ.

ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ೨೦೦೦ದಲ್ಲಿ ‘ನ್ಯುಪೀಡಿಯ’ ಎಂಬ ಅಂತರಜಾಲ ವಿಶ್ವಕೋಶವನ್ನು ತೊಡಗಿದಾಗ ಅವರ ದಾರಿಯೂ ಎರಡನೆಯದೇ ಆಗಿತ್ತು. ಪ್ರತಿ ಲೇಖನವೂ ತಜ್ಞರ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಾಗಿತ್ತು. ಪರಿಣಾಮವಾಗಿ ಮೊದಲ ವರ್ಷದಲ್ಲಿ ಪೂರ್ಣಗೊಂಡುದು ಇಪ್ಪತ್ತರ ಆಸುಪಾಸಿನಷ್ಟು ಲೇಖನಗಳು ಮಾತ್ರ. ಬೇಸತ್ತ ಅವರು ೨೦೦೧ರ ಜನವರಿ ೧೫ರಂದು ಮೂರನೆಯ ದಾರಿಯೊಂದನ್ನು ತೆರೆದರು: ಯಾರು ಬೇಕಾದರೂ ಬರೆಯಲಿ, ಯಾರು ಬೇಕಾದರೂ ತಿದ್ದಲಿ. ಅದೇ ವಿಕಿಪೀಡಿಯ. ಆ ವರ್ಷದ ಕೊನೆಗೆ ಅದರಲ್ಲಿ ಸುಮಾರು ೨೦,೦೦೦ ಲೇಖನಗಳಿದ್ದವು. ಕನ್ನಡದ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ಇಂದು ಅದರ ಲೇಖನಗಳ ಸಂಖ್ಯೆ ೩೦,೦೦೦ವನ್ನು ದಾಟಿದೆ.

೨. ಬಾಗಿಲಿಲ್ಲದ ಮನೆಯ ಕಟ್ಟಳೆಗಳು

ಎಲ್ಲರೂ ಬರೆದರೆ ಅದು ಸಂತೆಯಾಗದೆ? ಆಗಲಿಲ್ಲವೆಂಬುದು ಅಚ್ಚರಿ, ಆಗದಿರುವುದಕ್ಕೆ ಕೆಲವು ಏರ್ಪಾಡುಗಳು ಕಾರಣ.

ಮೊದಲನೆಯದು ಪುಟದ ಇತಿಹಾಸ. ಯಾವ ಅಕ್ಷರವನ್ನು ಯಾವ ಕ್ಷಣದಲ್ಲಿ ಯಾವ ಖಾತೆಯಿಂದ ಬದಲಿಸಲಾಯಿತೆಂಬುದು ದಾಖಲಾಗಿ ಉಳಿಯುತ್ತದೆ. ಕೆಡಿಸಿದುದನ್ನು ಒಂದೇ ಗುಂಡಿ ಒತ್ತಿ ಹಿಂದಿನ ಸ್ಥಿತಿಗೆ ತರಬಹುದು. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾದರೆ ಕಿಡಿಗೇಡಿಗೆ ಬೇಗ ಬೇಸರ ಬರುತ್ತದೆ.

ಎರಡನೆಯದು ಚರ್ಚಾಪುಟ. ಪ್ರತಿ ಲೇಖನದ ಬೆನ್ನಿಗೂ ವಾದಿಸಲು ಒಂದು ಪುಟವಿದೆ. ಇಡೀ ಸಮುದಾಯಕ್ಕೆ ಸಂಬಂಧಿಸಿದ ಮಾತುಕತೆಗೆ ಬೇರೆಯೇ ಪುಟವಿದ್ದು, ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆ ‘ಅರಳಿ ಕಟ್ಟೆ’ ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ತೀರ್ಮಾನಗಳು ತಲೆಯೆಣಿಕೆಗಿಂತ ಹೆಚ್ಚಾಗಿ ಸಹಮತದಿಂದ ಆಗಬೇಕೆಂಬುದು ಅಲ್ಲಿನ ಪದ್ಧತಿ.

ಮೂರನೆಯದು ಬರೆದಿಟ್ಟ ನಿಯಮಗಳು. ಲೇಖನವು ಪಕ್ಷಪಾತವಿಲ್ಲದೆ ಇರಬೇಕು. ಹೇಳಿದ್ದಕ್ಕೆ ಪ್ರಕಟಿತ ಆಧಾರ ಕೊಡಬೇಕು. ಸ್ವಂತ ಸಂಶೋಧನೆಯನ್ನು ತುರುಕಬಾರದು. ಇಂಗ್ಲಿಷ್ ಆವೃತ್ತಿಯಲ್ಲಿ ಇಬ್ಬರು ಹಟಕ್ಕೆ ಬಿದ್ದು ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ಅಳಿಸುತ್ತ ಹೋಗುವುದನ್ನು ತಡೆಯಲು, ಒಂದು ದಿನದಲ್ಲಿ ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಹಾಗೆ ಮಾಡಬಾರದೆಂದು ೨೦೦೪ರಲ್ಲಿ ಕಟ್ಟಳೆ ಮಾಡಿಕೊಂಡರು.

ನಾಲ್ಕನೆಯದು ನಿರ್ವಾಹಕರು. ಪುಟವನ್ನು ಅಳಿಸುವ, ತಿದ್ದದಂತೆ ರಕ್ಷಿಸುವ, ತೊಂದರೆ ಕೊಡುವವರನ್ನು ತಡೆಹಿಡಿಯುವ ಹಕ್ಕು ಇವರಿಗಿದೆ. ಇವರು ಸಂಬಳ ಪಡೆಯುವವರಲ್ಲ. ಸಮುದಾಯದ ಚರ್ಚೆಯಿಂದ ಆಯ್ಕೆಯಾದ ಸ್ವಯಂಸೇವಕರು. ನಿರ್ವಾಹಕ ಸ್ಥಾನವೇನೂ ದೊಡ್ಡ ಸಂಗತಿಯಲ್ಲವೆಂದು ವೇಲ್ಸ್ ೨೦೦೩ರಲ್ಲಿ ಹೇಳಿದ್ದರು. ಕಸ ಗುಡಿಸಲು ಪೊರಕೆ ಕೊಟ್ಟಂತೆ ಎಂಬುದು ಅಲ್ಲಿನವರ ಭಾವನೆ. ಇಂಗ್ಲಿಷಿನಲ್ಲಿ ಬಗೆಹರಿಯದ ಜಗಳಗಳನ್ನು ತೀರ್ಮಾನಿಸಲು ೨೦೦೪ರಿಂದ ಮಧ್ಯಸ್ಥಿಕೆಯ ಸಮಿತಿಯೊಂದಿದೆ. ಇವೆಲ್ಲಕ್ಕೂ ಹಿಂದೆ ಯಂತ್ರಗಳನ್ನು, ಹಣವನ್ನು, ಹೆಸರಿನ ಹಕ್ಕನ್ನು ನೋಡಿಕೊಳ್ಳುವ ವಿಕಿಮೀಡಿಯ ಪ್ರತಿಷ್ಠಾನವಿದೆ. ಇದು ಸ್ಥಾಪನೆಯಾದುದು ೨೦೦೩ರಲ್ಲಿ.

ಕಾಗದದ ಮೇಲೆ ಇದು ಸುಂದರವಾದ ಗ್ರಾಮ ಗಣರಾಜ್ಯದಂತೆ ಕಾಣುತ್ತದೆ. ಆದರೆ ಗ್ರಾಮಗಳಲ್ಲಿ ಬಾಳಿದವರಿಗೆ ಅರಳಿಕಟ್ಟೆಯ ಮೇಲೆ ಎಲ್ಲರ ಮಾತೂ ಒಂದೇ ತೂಕದ್ದಲ್ಲವೆಂದು ಗೊತ್ತು.

೩. ಕಾಣದ ಅಧಿಕಾರ

ಅಮೆರಿಕದ ಮಹಿಳಾ ಹೋರಾಟಗಾರ್ತಿ ಜೋ ಫ್ರೀಮನ್ ೧೯೭೦ರ ದಶಕದ ಆರಂಭದಲ್ಲಿ ಒಂದು ಪ್ರಬಂಧ ಬರೆದರು. ನಾಯಕರೂ ನಿಯಮಗಳೂ ಬೇಡವೆಂದು ಹೇಳಿಕೊಳ್ಳುತ್ತಿದ್ದ ಮಹಿಳಾ ಸಂಘಗಳನ್ನು ಅವರು ಹತ್ತಿರದಿಂದ ಕಂಡಿದ್ದರು. ರಚನೆಯಿಲ್ಲದ ಗುಂಪು ಎಂಬುದೊಂದು ಇಲ್ಲವೇ ಇಲ್ಲ. ಬರೆದಿಟ್ಟ ರಚನೆ ಇಲ್ಲದಿದ್ದರೆ ಬರೆಯದ ರಚನೆ ಇರುತ್ತದೆ. ಅದು ಗೆಳೆತನದ, ಬಿಡುವಿನ, ಮಾತಿನ ಚಾತುರ್ಯದ ಬಲದ ಮೇಲೆ ನಿಲ್ಲುತ್ತದೆ. ಕಾಣದ ಅಧಿಕಾರವನ್ನು ಪ್ರಶ್ನಿಸಲಾಗದು—ಇದು ಅವರ ವಾದದ ತಿರುಳು. ನನ್ನ ಕಪಾಟಿನ ಬೀಗದ ಕೈಯ ಕತೆಯೂ ಇದೇ ಅಲ್ಲವೆ?

ವಿಕಿಪೀಡಿಯದಲ್ಲಿ ಈ ಕಾಣದ ಅಧಿಕಾರವು ಮುಖ್ಯವಾಗಿ ಮೂರು ಕಡೆಗಳಲ್ಲಿರುತ್ತದೆ. ಒಂದು, ಬಿಡುವು. ಚರ್ಚೆಯಲ್ಲಿ ಕೊನೆಯವರೆಗೆ ಉಳಿಯುವವನೇ ಗೆಲ್ಲುವುದು ಹೆಚ್ಚು. ದಿನವಿಡೀ ತೋಟದಲ್ಲಿ ದುಡಿದು ಬಂದವನಿಗೂ, ಮನೆಯ ಅಡುಗೆ ಮುಗಿಸಿ ಬಂದ ಗೃಹಿಣಿಗೂ ಆ ಬಿಡುವಿಲ್ಲ. ಎರಡು, ನಿಯಮಗಳ ಪರಿಚಯ. ನಿಯಮಗಳು ಹೆಚ್ಚಿದಷ್ಟೂ ಅವುಗಳನ್ನು ಬಾಯಿಪಾಠ ಮಾಡಿದವರ ಕೈ ಮೇಲಾಗುತ್ತದೆ. ಮೂರು, ಮೊದಲು ಬಂದವನೆಂಬ ಹಿರಿತನ.

ಜರ್ಮನಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಶೆಲ್ಸ್ ೧೯೧೧ರಲ್ಲಿ, ಎಂಥ ಪ್ರಜಾಪ್ರಭುತ್ವವಾದೀ ಸಂಘಟನೆಯೂ ಕಾಲಕ್ರಮದಲ್ಲಿ ಕೆಲವರ ಆಳ್ವಿಕೆಗೆ ಇಳಿಯುತ್ತದೆಂದು ಹೇಳಿ ಅದನ್ನು ಕಬ್ಬಿಣದ ನಿಯಮವೆಂದು ಕರೆದನು. ನೂರು ವರ್ಷಗಳ ಅನಂತರ ಆರನ್ ಶಾ ಮತ್ತು ಬೆಂಜಮಿನ್ ಮ್ಯಾಕೊ ಹಿಲ್ ಎಂಬ ಸಂಶೋಧಕರು, ವಿಕಿಪೀಡಿಯದ ಮಾದರಿಯಲ್ಲಿ ಜನರೇ ಕಟ್ಟಿದ ೬೮೩ ಜಾಲತಾಣಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿಶೆಲ್ಸನ ಮಾತು ಸುಳ್ಳಾಗಿರಲಿಲ್ಲ. ಸಮುದಾಯ ಬೆಳೆದಂತೆ ಹೊಸ ನಿರ್ವಾಹಕರು ಸೇರುವುದು ಕಡಿಮೆಯಾಗಿತ್ತು. ಮೊದಲಿನವರು ಇತರ ಅನುಭವಿ ಬರೆಹಗಾರರ ಬರೆಹವನ್ನು ತೆಗೆದುಹಾಕುವುದು ಹೆಚ್ಚಾಗಿತ್ತು.

ಇದರ ಫಲವನ್ನು ಇಂಗ್ಲಿಷ್ ವಿಕಿಪೀಡಿಯವೇ ಉಂಡಿತು. ಅಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ ೨೦೦೭ರಲ್ಲಿ ಐವತ್ತು ಸಾವಿರವನ್ನು ದಾಟಿ ಶಿಖರ ಮುಟ್ಟಿತು. ೨೦೧೩ರ ಹೊತ್ತಿಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿದುಹೋಯಿತು. ಇಳಿತ ನಿಂತುದು ಆಮೇಲೆ. ಆರನ್ ಹಾಫೇಕರ್ ಮತ್ತು ಸಂಗಡಿಗರು ೨೦೧೩ರಲ್ಲಿ ಇದರ ಕಾರಣವನ್ನು ಹುಡುಕಿದಾಗ ಕಂಡುದೇನೆಂದರೆ, ಕಿಡಿಗೇಡಿಗಳನ್ನು ತಡೆಯಲೆಂದು ಮಾಡಿಕೊಂಡ ಯಾಂತ್ರಿಕ ಸಾಧನಗಳೂ ಬಿಗಿದುಕೊಂಡ ನಿಯಮಗಳೂ ಸದುದ್ದೇಶದಿಂದ ಬಂದ ಹೊಸಬರನ್ನು ಸಹ ಹೊರಗೆ ತಳ್ಳಿದ್ದವು. ಮೊದಲ ಬರೆಹವೇ ಅಳಿಸಿಹೋದವನು ಮತ್ತೆ ಬರುವುದು ಕಡಿಮೆ. ಈ ಮಾತನ್ನು ಓದಿದಾಗ ನನಗೆ ಕಣ್ಣೆದುರು ಬಂದುದು ಕೆಂಪು ಶಾಯಿ ಹಚ್ಚಿದ ಎರಡು ಹಾಳೆಗಳು.

೪. ಒಡೆಯನನ್ನು ಕೇಳುವ ಬಗೆ

ಹಾಗೆಂದು ಈ ಸಮುದಾಯ ಸುಮ್ಮನೆ ತಲೆಬಾಗಿದೆಯೆಂದಲ್ಲ. ಮೇಲಿನವರನ್ನು ಕೇಳಿದ ಪ್ರಸಂಗಗಳೂ ಹಲವಿವೆ.

೨೦೦೨ರಲ್ಲಿ ವಿಕಿಪೀಡಿಯದಲ್ಲಿ ಜಾಹೀರಾತು ಹಾಕುವ ಸಾಧ್ಯತೆಯ ಮಾತು ಬಂದಾಗ ಸ್ಪ್ಯಾನಿಷ್ ಭಾಷೆಯ ಬರೆಹಗಾರರಲ್ಲಿ ಬಹುಮಂದಿ ಸಿಟ್ಟಾದರು. ವಿಕಿಪೀಡಿಯದ ಬರೆಹಗಳಿಗೆ ಮುಕ್ತ ಪರವಾನಗಿಯಿರುವುದರಿಂದ ಅವುಗಳನ್ನು ಯಾರು ಬೇಕಾದರೂ ಎತ್ತಿಕೊಂಡು ಬೇರೆಡೆ ಮುಂದುವರಿಸಬಹುದು. ಅವರು ಹಾಗೆಯೇ ಮಾಡಿದರು. ಸೆವಿಲ್ಲ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೇರೆ ವಿಶ್ವಕೋಶವನ್ನು ತೆರೆದರು. ವಿಕಿಪೀಡಿಯದಲ್ಲಿ ಇಂದಿಗೂ ವ್ಯಾಪಾರದ ಜಾಹೀರಾತುಗಳಿಲ್ಲ. ಕೂಡುಕುಟುಂಬದಿಂದ ಪಾಲು ಹಿಡಿದು ಹೊರಡುವ ಹಕ್ಕು ಇದ್ದರೆ ಯಜಮಾನನ ಮಾತು ತಾನಾಗಿ ಮೆತ್ತಗಾಗುತ್ತದೆ.

೨೦೧೦ರ ಮೇ ತಿಂಗಳಲ್ಲಿ ಸ್ಥಾಪಕರಾದ ವೇಲ್ಸ್ ಅವರೇ, ಅಶ್ಲೀಲವೆಂದು ತಾವು ಬಗೆದ ಅನೇಕ ಚಿತ್ರಗಳನ್ನು ಸಮುದಾಯವನ್ನು ಕೇಳದೆ ಚಿತ್ರಭಂಡಾರದಿಂದ ಅಳಿಸಿದರು. ವಿರೋಧವೆದ್ದಿತು. ಅವರು ತಮ್ಮ ವಿಶೇಷಾಧಿಕಾರಗಳಲ್ಲಿ ಬಹುಪಾಲನ್ನು ತಾವೇ ಬಿಟ್ಟುಕೊಡಬೇಕಾಯಿತು.

೨೦೧೪ರ ಆಗಸ್ಟಿನಲ್ಲಿ, ಚಿತ್ರಗಳನ್ನು ತೋರಿಸುವ ಹೊಸ ವಿಧಾನವೊಂದು ತಮಗೆ ಬೇಡವೆಂದು ಜರ್ಮನ್ ವಿಕಿಪೀಡಿಯದವರು ಹಟ ಹಿಡಿದರು. ಪ್ರತಿಷ್ಠಾನವು, ಅಲ್ಲಿನ ನಿರ್ವಾಹಕರೂ ತೆರೆಯಲಾರದಂಥ ಬೀಗವೊಂದನ್ನು ಹೊಸದಾಗಿ ನಿರ್ಮಿಸಿ ಹಾಕಿತು. ಒಂದು ವರ್ಷಕ್ಕೂ ಮೀರಿ ಪ್ರತಿಭಟನೆ ನಡೆದು, ೨೦೧೫ರ ನವೆಂಬರಿನಲ್ಲಿ ಆ ಬೀಗವನ್ನೇ ತೆಗೆದುಹಾಕಲಾಯಿತು.

೨೦೧೯ರ ಜೂನ್ ತಿಂಗಳಲ್ಲಿ ಪ್ರತಿಷ್ಠಾನವು ಇಂಗ್ಲಿಷ್ ಆವೃತ್ತಿಯ ನಿರ್ವಾಹಕರೊಬ್ಬರನ್ನು ಒಂದು ವರ್ಷದ ಮಟ್ಟಿಗೆ ಹೊರಗಿಟ್ಟಿತು. ದೂರು ಕೊಟ್ಟವರ ರಕ್ಷಣೆಗಾಗಿ ಸಾಕ್ಷ್ಯವನ್ನು ಬಹಿರಂಗಪಡಿಸಲಿಲ್ಲ. ಸುಮಾರು ಇಪ್ಪತ್ತು ಮಂದಿ ನಿರ್ವಾಹಕರು ರಾಜೀನಾಮೆ ಕೊಟ್ಟರು. ಕೊನೆಗೆ ಸೆಪ್ಟೆಂಬರಿನಲ್ಲಿ ಮಧ್ಯಸ್ಥಿಕೆಯ ಸಮಿತಿ ವಿಚಾರಿಸಿ ಬಹಿಷ್ಕಾರವನ್ನು ರದ್ದುಪಡಿಸಿತು. ಆದರೆ ಆ ವ್ಯಕ್ತಿಗೆ ನಿರ್ವಾಹಕ ಸ್ಥಾನವನ್ನು ಮರಳಿ ಕೊಡಲಿಲ್ಲ. ಈ ತೀರ್ಮಾನದಲ್ಲಿ ಎರಡು ಪಕ್ಷಗಳ ಮಾತಿಗೂ ಮನ್ನಣೆಯಿತ್ತು: ಗುಟ್ಟಾಗಿ ಶಿಕ್ಷಿಸುವುದು ಸಲ್ಲದು, ಹಿರಿಯನೆಂದು ಒರಟುತನವನ್ನು ಸಹಿಸುವುದೂ ಸಲ್ಲದು. ೨೦೨೧ರ ಫೆಬ್ರವರಿಯಲ್ಲಿ ಎಲ್ಲ ಭಾಷೆಗಳಿಗೂ ಅನ್ವಯಿಸುವ ನಡತೆಯ ಸಂಹಿತೆಯೊಂದು ಅಂಗೀಕಾರವಾಯಿತು.

೫. ಸಣ್ಣ ಮನೆಗಳ ಪಾಡು

ಮೇಲಿನ ಪ್ರಸಂಗಗಳೆಲ್ಲ ದೊಡ್ಡ ಭಾಷೆಗಳವು. ಅಲ್ಲಿ ಕೇಳುವ ಬಾಯಿಗಳು ಸಾವಿರಾರು. ಕೆಲವೇ ಮಂದಿ ಬರೆಯುವ ಭಾಷೆಗಳಲ್ಲಿ ಏನಾಗುತ್ತದೆ? ಗಡಿನಾಡಿನ ನಾವು ವಿಶೇಷವಾಗಿ ಯೋಚಿಸಬೇಕಾದುದು ಇಲ್ಲಿಯೇ.

ಕ್ರೊಯೇಷಿಯದ ಭಾಷೆಯ ವಿಕಿಪೀಡಿಯವು ಸುಮಾರು ೨೦೧೧ರಿಂದ ೨೦೨೦ರವರೆಗೆ ತೀವ್ರ ರಾಷ್ಟ್ರವಾದಿಗಳ ಒಂದು ಸಣ್ಣ ಗುಂಪಿನ ಹಿಡಿತದಲ್ಲಿತ್ತು. ನಿರ್ವಾಹಕರಾಗಿದ್ದ ಅವರು ಪ್ರಶ್ನಿಸಿದವರನ್ನು ತಡೆಹಿಡಿದರು. ಎರಡನೆಯ ಮಹಾಯುದ್ಧದ ಕಾಲದ ಅಲ್ಲಿನ ಫ್ಯಾಸಿಸ್ಟ್ ಆಳ್ವಿಕೆಯ ಕ್ರೌರ್ಯವನ್ನು ಮರೆಮಾಚುವಂತೆ ಚರಿತ್ರೆಯನ್ನು ತಿರುಚಿದರು. ೨೦೧೩ರಲ್ಲಿ ಆ ದೇಶದ ಶಿಕ್ಷಣ ಸಚಿವರೇ, ಆ ವಿಶ್ವಕೋಶವನ್ನು ನಂಬಬೇಡಿರೆಂದು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಮುಂದಾಳನ್ನು ಹೊರಗಟ್ಟಿದುದು ೨೦೨೦ರ ಕೊನೆಯಲ್ಲಿ. ಪ್ರತಿಷ್ಠಾನದ ತನಿಖಾ ವರದಿ ಪ್ರಕಟವಾದುದು ೨೦೨೧ರಲ್ಲಿ. ನಿಯಮಗಳು ಅಲ್ಲಿಯೂ ಇದ್ದವು. ಆದರೆ ನಿಯಮವನ್ನು ನಡೆಸುವವರೂ ಕೇಳಬೇಕಾದವರೂ ಒಂದೇ ಗುಂಪಿನವರಾದರೆ ನಿಯಮವೇ ಆಯುಧವಾಗುತ್ತದೆ.

ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ಕತೆ ಇನ್ನೊಂದು ಬಗೆಯದು. ೨೦೨೦ರ ಆಗಸ್ಟಿನಲ್ಲಿ ಹೊರಬಿದ್ದ ಸಂಗತಿಯೆಂದರೆ, ಅದರ ವಿಕಿಪೀಡಿಯದ ೨೦,೦೦೦ಕ್ಕೂ ಹೆಚ್ಚು ಲೇಖನಗಳನ್ನು ಸೃಷ್ಟಿಸಿದ್ದವನು ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ. ಹನ್ನೆರಡರ ವಯಸ್ಸಿನಲ್ಲಿ ತೊಡಗಿದ ಅವನು ಇಂಗ್ಲಿಷ್ ವಾಕ್ಯಗಳಿಗೆ ಸ್ಕಾಟ್ಸ್ ಶಬ್ದಗಳ ವೇಷ ಹಾಕುತ್ತ ವರ್ಷಗಳ ಕಾಲ ಬರೆದಿದ್ದ, ನಿರ್ವಾಹಕನೂ ಆಗಿದ್ದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಆ ಭಾಷೆಯನ್ನು ಮನೆಯಲ್ಲಿ ಆಡುವ ಲಕ್ಷಾಂತರ ಜನರಲ್ಲಿ, ಬಂದು ತಿದ್ದಿದವರು ತೀರ ಕಡಿಮೆ. ಖಾಲಿ ಬಿಟ್ಟ ಪೀಠದಲ್ಲಿ ಯಾರಾದರೂ ಕುಳಿತೇ ಕುಳಿತುಕೊಳ್ಳುತ್ತಾರೆ.

ನಮ್ಮ ಭಾಷೆಗಳಿಗೂ ಇಂಥ ಪರೀಕ್ಷೆ ಬಂದಿತ್ತು. ೨೦೦೯-೧೦ರ ಸುಮಾರಿಗೆ ಗೂಗಲ್ ಸಂಸ್ಥೆಯು ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳ ವಿಕಿಪೀಡಿಯಗಳಿಗೆ, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳ ಅನುವಾದಗಳನ್ನು ಮಾಡಿಸಿ ಸೇರಿಸತೊಡಗಿತು. ಬಂಗಾಳಿಯವರು ಬೇಡವೆಂದರು. ತಮಿಳರು ದೋಷಗಳ ಪಟ್ಟಿ ಮಾಡಿ, ೨೦೧೦ರಲ್ಲಿ ಪೋಲೆಂಡಿನಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ಅದನ್ನು ಮಂಡಿಸಿ, ಷರತ್ತುಗಳ ಮೇಲೆ ಮಾತುಕತೆ ನಡೆಸಿದರು. ಕನ್ನಡದಲ್ಲಿಯೂ ಉದ್ದುದ್ದವಾದ, ಓದಿಸಿಕೊಳ್ಳದ ಲೇಖನಗಳು ಬಂದು ಸೇರಿದವು; ತಿದ್ದುವ ಕೈಗಳು ಕಡಿಮೆಯಿದ್ದುದರಿಂದ ಅವುಗಳಲ್ಲಿ ಅನೇಕವು ಒರಟಾಗಿಯೇ ಉಳಿದವು. ಕನ್ನಡ ವಿಕಿಪೀಡಿಯದ ನಿರ್ವಾಹಕರು ಇಂದಿಗೂ ಬೆರಳೆಣಿಕೆಯಷ್ಟು. ತುಳು ವಿಕಿಪೀಡಿಯವು ೨೦೧೬ರ ಆಗಸ್ಟಿನಲ್ಲಿ ಸ್ವತಂತ್ರವಾಗಿ ತಲೆಯೆತ್ತಿದುದು ನಮಗೆಲ್ಲ ಸಂತೋಷದ ಸಂಗತಿ. ಅಲ್ಲಿಯೂ ಬರೆಯುವ ಕೈಗಳು ಬೇಕಾಗಿವೆ.

ಇನ್ನೊಂದು ತೊಡಕಿದೆ. ಪ್ರಕಟಿತ ಆಧಾರ ಬೇಕೆಂಬ ನಿಯಮ ನ್ಯಾಯವಾದುದೇ. ಆದರೆ ಪುಸ್ತಕಗಳಲ್ಲಿ ಸೇರದ ಊರುಗಳ, ಕಸುಬುಗಳ, ನಂಬಿಕೆಗಳ ವಿಷಯದಲ್ಲಿ ಆ ನಿಯಮವೇ ಬಾಗಿಲಿಗೆ ಅಗುಳಿಯಾಗುತ್ತದೆ. ಬೆಂಗಳೂರಿನ ಅಚಲ್ ಪ್ರಭಲ ಅವರು ೨೦೧೧ರಲ್ಲಿ ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ, ಬಲ್ಲವರ ಬಾಯಿಮಾತನ್ನೇ ಧ್ವನಿಮುದ್ರಿಸಿ ಆಧಾರವಾಗಿ ಕೊಡುವ ಪ್ರಯೋಗವನ್ನು ನಡೆಸಿದರು. ನಮ್ಮ ನೆರೆಯಲ್ಲಿಯೇ ನಡೆದ ಈ ಪ್ರಯೋಗವು ಎತ್ತಿದ ಪ್ರಶ್ನೆ ದೊಡ್ಡದು: ಅಚ್ಚಾಗದುದು ಅರಿವಲ್ಲವೆ?

೬. ಕಟ್ಟದ ಪಾಠ

ಹಾಗಾದರೆ ಎಲ್ಲರ ಸೊತ್ತನ್ನು ಎಲ್ಲರೂ ಸೇರಿ ಕಾಯುವುದು ಆಗದ ಮಾತೇ? ಆಗುತ್ತದೆಂದು ತೋರಿಸಿದವರು ಅಮೆರಿಕದ ವಿದುಷಿ ಎಲಿನಾರ್ ಆಸ್ಟ್ರೋಮ್. ಸ್ವಿಟ್ಜರ್ಲೆಂಡಿನ ಹಳ್ಳಿಯ ಹುಲ್ಲುಗಾವಲು, ಜಪಾನಿನ ಗ್ರಾಮಗಳ ಕಾಡು, ಸ್ಪೇನಿನ ವೆಲೆನ್ಸಿಯದ ನೀರಾವರಿ ಕಾಲುವೆ ಮೊದಲಾದುವನ್ನು ಅಭ್ಯಸಿಸಿ ಅವರು ೧೯೯೦ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ದೀರ್ಘಕಾಲ ಬಾಳಿದ ಇಂಥ ಏರ್ಪಾಡುಗಳಲ್ಲಿ ಅವರು ಕೆಲವು ಸಮಾನ ಗುಣಗಳನ್ನು ಕಂಡರು: ನಿಯಮಕ್ಕೆ ಒಳಪಡುವವರಿಗೆ ನಿಯಮ ಮಾಡುವುದರಲ್ಲಿಯೂ ಪಾಲು, ಕಾವಲುಗಾರರು ಬಳಕೆದಾರರಿಗೆ ಉತ್ತರಿಸಬೇಕಾದವರು, ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು, ಜಗಳ ತೀರಿಸಲು ಹತ್ತಿರದಲ್ಲಿಯೇ, ಖರ್ಚಿಲ್ಲದ ಜಾಗ.

ನಮಗೆ ಇದನ್ನು ತಿಳಿಯಲು ವೆಲೆನ್ಸಿಯಕ್ಕೆ ಹೋಗಬೇಕಾಗಿಲ್ಲ. ಏತಡ್ಕದ ಕಡೆ ಹೋದರೆ ಸಾಕು. ಮಳೆಗಾಲ ಮುಗಿದ ಮೇಲೆ ಹೊಳೆಗೆ ಅಡ್ಡಲಾಗಿ ಕೃಷಿಕರು ಸೇರಿ ಕಲ್ಲು, ಮಣ್ಣುಗಳಿಂದ ಕಟ್ಟ ಕಟ್ಟುತ್ತಾರೆ. ನಿಂತ ನೀರು ಅಡಿಕೆ ತೋಟಗಳಿಗೆ ಆಧಾರ. ಒಂದೆಡೆ ಸೋರಿದರೆ ಎಲ್ಲರಿಗೂ ನಷ್ಟ. ಆದುದರಿಂದ ಎಲ್ಲರ ಕಣ್ಣೂ ಕಟ್ಟದ ಮೇಲೆ. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಮರುವರ್ಷ ಮತ್ತೆ ಸೇರಬೇಕು. ಈ ಮತ್ತೆ ಸೇರುವುದರಲ್ಲಿಯೇ ಅದರ ಬಲವಿದೆಯೆಂದು ನನ್ನ ತಿಳಿವಳಿಕೆ. ಕಳೆದ ವರ್ಷದ ಮುಖಂಡನನ್ನು ಈ ವರ್ಷ ಪುನಃ ಒಪ್ಪಬೇಕಾಗುತ್ತದೆ. ಹೊಸ ಅಳಿಯನಿಗೂ ಹಾರೆ ಹಿಡಿಯುವ ಅವಕಾಶ ಸಿಗುತ್ತದೆ. ಯಾರಿಗೂ ಹೊಳೆ ಪಟ್ಟಾ ಆಗುವುದಿಲ್ಲ.

ಇಲ್ಲಿಗೆ ನನ್ನ ಮಾತಿನ ಸಾರವಿಷ್ಟು. ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಅಧಿಕಾರ ಎಲ್ಲರದೂ ಆಗುವುದಿಲ್ಲ. ಒಳಗೆ ಬಂದು ಉಳಿದವರದಾಗುತ್ತದೆ. ನಿಯಮಗಳನ್ನು ಬರೆದಿಡುವುದು ಅಗತ್ಯ. ಆದರೆ ನಿಯಮ ತಾನಾಗಿ ಕಾಯುವುದಿಲ್ಲ. ಕಾಯುವುದು ಬಹಳ ಮಂದಿಯ ಕಣ್ಣುಗಳು, ಮತ್ತು ಹೊಸಬನ ತಪ್ಪನ್ನು ಅಳಿಸುವ ಬದಲು ತಿದ್ದಿಕೊಡುವ ತಾಳ್ಮೆ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು ಇಂದು ದೇಶವಿದೇಶಗಳಲ್ಲಿದ್ದಾರೆ. ಅವರಲ್ಲಿ ಹತ್ತು ಮಂದಿ ತಿಂಗಳಿಗೆ ಒಂದು ಸಂಜೆಯನ್ನು ಕನ್ನಡಕ್ಕೋ ತುಳುವಿಗೋ ಮೀಸಲಿಟ್ಟು ಒಂದೊಂದು ಪುಟವನ್ನು ತಿದ್ದಿದರೂ ಸಣ್ಣ ಸಮುದಾಯಕ್ಕೆ ಅದು ದೊಡ್ಡ ಬಲ. ಬರೆಯುವುದಷ್ಟೇ ಸಾಲದು, ಅರಳಿ ಕಟ್ಟೆಯ ಚರ್ಚೆಯಲ್ಲಿಯೂ ನಿರ್ವಾಹಕರ ಆಯ್ಕೆಯಲ್ಲಿಯೂ ಭಾಗವಹಿಸಬೇಕು. ೧೯೫೬ರಲ್ಲಿ ನಮ್ಮ ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ತೀರ್ಮಾನವಾದಾಗ ನಮ್ಮ ಹಿರಿಯರ ಮಾತು ನಡೆಯಲಿಲ್ಲವೆಂಬ ಕೊರಗು ಇಲ್ಲಿನ ಅನೇಕ ಮನೆಗಳಲ್ಲಿದೆ. ನಮ್ಮ ಊರಿನ ವಿಷಯ ವಿಶ್ವಕೋಶದಲ್ಲಿ ಏನೆಂದು ದಾಖಲಾಗಬೇಕೆಂಬುದರಲ್ಲಿ ನಮ್ಮ ಮಾತು ನಡೆಯುವ ಅವಕಾಶ ಈಗಲೂ ಇದೆ. ಮೂಲಾಧಾರವಿಲ್ಲವೆಂದು ಕೊರಗುವವರು ಇಂಥ ಸ್ಮರಣ ಸಂಚಿಕೆಗಳನ್ನೇ ಶ್ರದ್ಧೆಯಿಂದ, ಹೆಸರು ಇಸವಿಗಳನ್ನು ಪರಿಶೀಲಿಸಿ ಅಚ್ಚು ಮಾಡಲಿ. ನಾಳೆ ಒಬ್ಬ ಬರೆಹಗಾರನಿಗೆ ತೂಗಿ ನೋಡಲು ಅದೂ ಒಂದು ದಾಖಲೆಯಾಗಬಲ್ಲುದು.

ಕೊನೆಯದಾಗಿ ಒಂದು ಮಾತು. ಈ ಸಂಚಿಕೆಯ ಕೆಲಸಕ್ಕಾಗಿ ಹಳಬರನ್ನು ಕಾಣುತ್ತ ಹೋದಾಗ ಆ ಸಹಪಾಠಿಯ ಮನೆಗೂ ಹೋಗಿದ್ದೆ. ಅವನ ತಂದೆ ತೀರಿಹೋಗಿ ವರ್ಷಗಳಾಗಿವೆ. ಸುರಂಗದಲ್ಲಿ ನೀರು ಮಾತ್ರ ಈಗಲೂ ಬರುತ್ತಿದೆ. ಸುರಂಗದ ಬಗ್ಗೆ ಬರೆದುಕೊಡೆಂದು ಕೇಳಿದೆ. ಅವನು ನಕ್ಕು, “ನನ್ನ ಭಾಷೆ ಶುದ್ಧ ಇಲ್ಲಾಂತ ನೀನೇ ಬರೆದುಕೊಟ್ಟಿದ್ದಿಯಲ್ಲ ಮಾರಾಯ” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಎರಡು ಸಂಜೆ ಅವನ ಜಗಲಿಯಲ್ಲಿ ಕುಳಿತು, ಮಣ್ಣಿನ ಬಣ್ಣ ನೋಡಿ ನೀರಿನ ದಿಕ್ಕು ಹಿಡಿಯುವುದು, ದೀಪ ಕುಂದಿದರೆ ಹೊರಗೆ ಬರುವುದು ಎಲ್ಲವನ್ನೂ ಅವನು ಹೇಳಿದಂತೆಯೇ ಬರೆದುಕೊಂಡೆ. ಈ ಸಂಚಿಕೆಯಲ್ಲಿ ಅದು ಅವನ ಹೆಸರಿನಲ್ಲಿಯೇ ಪ್ರಕಟವಾಗುತ್ತಿದೆ. ತುಳು ಶಬ್ದಗಳಲ್ಲಿ ಒಂದನ್ನೂ ನಾನು ತೆಗೆದಿಲ್ಲ.